ತುಟಿಗೆ ಇಂಪ್ಲಾಂಟ್: ಹಾಕಿಸುವ ಮುಂಚೆ ತೆಗೆಯುವುದರ ಬಗ್ಗೆ ಕೇಳಿ

ಬಳ್ಳಾರಿಯ ಗಾಂಧಿನಗರದ ಕಡೆ ಒಂದು ಡೆಂಟಲ್ ಕ್ಲಿನಿಕ್‌ನಲ್ಲಿ ನಾನು ನರ್ಸ್. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಕಾಸ್ಮೆಟಿಕ್ ಸರ್ಜರಿ ಮಾಡುವ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಇದು ಗೊತ್ತಾದ ಮೇಲೆ ಸುಮ್ಮನಿರುವವರು ಯಾರು? ಹಲ್ಲು ಕ್ಲೀನ್ ಮಾಡಿಸಲು ಬಂದವರೂ ಬಾಯಿ ಮುಕ್ಕಳಿಸಿ ಎದ್ದು, ಬಿಲ್ ಕಟ್ಟುವ ಮುಂಚೆ ಮೆಲ್ಲಗೆ ಕೇಳುತ್ತಾರೆ. "ಸಿಸ್ಟರ್, ತುಟಿ ದಪ್ಪ ಮಾಡಿಸೋದು ಇರ್ತದಲ್ರೀ, ಪರ್ಮನೆಂಟ್ ಇರೋದು, ಅದು ನೋವಾಗ್ತದೇನ್ರಿ?" ಅವರು ಕೇಳುತ್ತಿರುವುದು ಇಂಪ್ಲಾಂಟ್ ಬಗ್ಗೆ, ಅಂದರೆ ಆಪರೇಷನ್ ಮಾಡಿ ತುಟಿಯೊಳಗೆ ಕೂರಿಸುವ ವಸ್ತು. ಕೇಳುವವರಲ್ಲಿ ಕಾಲೇಜು ಹುಡುಗಿಯರು ಜಾಸ್ತಿ ಇರಬಹುದು ಅಂತ ನೀವು ಅಂದುಕೊಂಡರೆ ತಪ್ಪು. ನಲವತ್ತು ದಾಟಿದ ಹೆಂಗಸರೇ ಜಾಸ್ತಿ. ವಯಸ್ಸಾದಂತೆ ತುಟಿ ತೆಳುವಾಗುತ್ತದೆ, ಲಿಪ್‌ಸ್ಟಿಕ್ ಹಚ್ಚಿದರೆ ಮೇಲಿನ ಸಣ್ಣ ಗೆರೆಗಳಲ್ಲಿ ಹರಿದುಹೋಗುತ್ತದೆ. ಅವರಿಗೆ ಅದೇ ಬೇಜಾರು.

ನೋವಿನ ಪ್ರಶ್ನೆಗೆ ಉತ್ತರ ಸುಲಭ: ಇಂಜೆಕ್ಷನ್ ಚುಚ್ಚುವಾಗ ಆಗುತ್ತದೆ, ಆಮೇಲೆ ತಡೆಯುವಷ್ಟು. ಆದರೆ ನಾನು ಎಲ್ಲರಿಗೂ ವಾಪಸ್ ಒಂದು ಪ್ರಶ್ನೆ ಕೇಳುತ್ತೇನೆ. "ಬೇಡ ಅನ್ನಿಸಿದರೆ ಅದನ್ನು ಹೇಗೆ ತೆಗೀತಾರೆ ಅಂತ ಡಾಕ್ಟರನ್ನ ಕೇಳಿದ್ರಾ?" ಹೆಚ್ಚಿನವರು ಕೇಳಿರುವುದಿಲ್ಲ. ಎಷ್ಟು ಖರ್ಚು, ಎಷ್ಟು ದಿನ ರಜೆ, ಯಾವ ನಟಿಯ ತುಟಿಯ ಹಾಗೆ ಬೇಕು, ಇದೆಲ್ಲಾ ಕೇಳಿರುತ್ತಾರೆ. ನನ್ನ ಪ್ರಕಾರ ತೆಗೆಯುವ ಪ್ರಶ್ನೆಯೇ ಮೊದಲು ಬರಬೇಕು. ಯಾಕೆ ಅಂತ ಕೆಳಗೆ ಹೇಳುತ್ತೇನೆ. ಒಂದು ಮಾತು: ನಾನು ಡಾಕ್ಟರ್ ಅಲ್ಲ. ನಿಮ್ಮ ಬಾಯಿ ನೋಡಿ, ನಿಮ್ಮ ಕಾಯಿಲೆ ಔಷಧಿಗಳನ್ನೆಲ್ಲ ಕೇಳಿ ತೀರ್ಮಾನ ಹೇಳುವವರು ಸರ್ಜನ್. ಅವರ ಮುಂದೆ ಕೂತಾಗ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನೇನು ಆಗುತ್ತದೆ, ಅಷ್ಟು ನಾನು ಹೇಳಬಲ್ಲೆ.

ಮೊದಲು ಕನ್ನಡಿ ಮುಂದೆ ನಿಂತು ನೋಡಿ

ಲಿಪ್‌ಸ್ಟಿಕ್ ಒರೆಸಿ, ಬೆಳಕಿನ ಕಡೆ ಮುಖ ಮಾಡಿ ನಿಲ್ಲಿ. ನಿಮಗೆ ಬೇಜಾರು ತರುತ್ತಿರುವುದು ತುಟಿಯ ದಪ್ಪವೋ, ಬೇರೇನೋ? ಕೆಲವರಿಗೆ ಮೂಗಿನಿಂದ ಮೇಲ್ದುಟಿಯವರೆಗಿನ ಜಾಗ ಉದ್ದವಾಗಿರುತ್ತದೆ. ಅವರಿಗೆ ಇಂಪ್ಲಾಂಟ್ ಹಾಕಿದರೆ ತುಟಿ ಮುಂದಕ್ಕೆ ಬರುತ್ತದೆಯೇ ಹೊರತು ಆ ಉದ್ದ ಕಮ್ಮಿ ಆಗುವುದಿಲ್ಲ. ಅದಕ್ಕೆ ಮೂಗಿನ ಬುಡದಲ್ಲಿ ಚರ್ಮ ತೆಗೆದು ತುಟಿ ಎತ್ತುವ ಬೇರೆ ಆಪರೇಷನ್ ಇದೆ. ಮೇಲ್ದುಟಿಯ ನಡುವಿನ ಬಿಲ್ಲಿನ ಆಕಾರ ಸ್ಪಷ್ಟವಾಗಬೇಕು ಅನ್ನುವವರಿಗೂ ಇಂಪ್ಲಾಂಟ್ ನಿರಾಸೆ ಮಾಡುತ್ತದೆ. ಅದು ತುಟಿಯ ಒಳಗೆ ಉದ್ದಕ್ಕೆ ಮಲಗುವ ವಸ್ತು. ಅಂಚು ತಿದ್ದುವುದು ಅದರ ಕೆಲಸ ಅಲ್ಲ.

ಇನ್ನು ಹಲ್ಲು. ಡೆಂಟಲ್ ಕ್ಲಿನಿಕ್‌ನಲ್ಲಿ ಕೂತಿರುವುದಕ್ಕೆ ನನಗೆ ಇದು ಜಾಸ್ತಿ ಕಾಣುತ್ತದೋ ಏನೋ. ತುಟಿಗೆ ಒಳಗಿನಿಂದ ಆಸರೆ ಕೊಡುವುದು ಮುಂದಿನ ಹಲ್ಲುಗಳು. ಹಲ್ಲು ಬಿದ್ದಿದ್ದರೆ ಅಥವಾ ಸವೆದಿದ್ದರೆ ತುಟಿ ಒಳಕ್ಕೆ ಹೋಗುತ್ತದೆ. ಅಂಥವರಿಗೆ ಹಲ್ಲು ಕಟ್ಟಿಸಿದರೇ ಅರ್ಧ ಕೆಲಸ ಆಗುತ್ತದೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುವುದು ನಮ್ಮ ದೇಶದ ಲೆಕ್ಕ. ಚಿಕ್ಕಂದಿನಲ್ಲಿ ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಬಿಳಿ ಪಟ್ಟೆ, ಕಂದು ಕಲೆ ಉಳಿದುಬಿಡುತ್ತವೆ. ಅವರು ನಗುವಾಗ ತುಟಿ ಬಿಗಿ ಹಿಡಿಯುವುದು ರೂಢಿ. ಫೋಟೋದಲ್ಲಿ ತುಟಿ ಗೆರೆಯಷ್ಟೇ ಕಾಣುತ್ತದೆ. ಸಿರುಗುಪ್ಪದ ಕಡೆಯ ಒಬ್ಬ ಟೀಚರಮ್ಮ ಹೀಗೇ ತುಟಿ ವಿಷಯ ಕೇಳಿಕೊಂಡು ಬಂದಿದ್ದರು. ನಮ್ಮ ಡಾಕ್ಟರ್ ಅವರ ಮುಂದಿನ ಹಲ್ಲುಗಳ ಕಲೆ ಮುಚ್ಚಿಕೊಟ್ಟರು. ಆಮೇಲೆ ಬಾಯಿ ಬಿಟ್ಟು ನಗತೊಡಗಿದರು, ತುಟಿ ಮಾತು ಬಿಟ್ಟೇಬಿಟ್ಟರು. ಎಲ್ಲರಿಗೂ ಹೀಗಾಗುತ್ತದೆ ಅಂತ ಹೇಳುತ್ತಿಲ್ಲ. ಒಮ್ಮೆ ಹಲ್ಲು ನೋಡಿಸಿ ಅಷ್ಟೇ.

ಯಾವ್ಯಾವ ದಾರಿ ಇದೆ

ಎಲ್ಲಕ್ಕಿಂತ ಜಾಸ್ತಿ ಮಾಡುವುದು ಫಿಲ್ಲರ್. ಹಯಲುರಾನಿಕ್ ಆಸಿಡ್ ಅನ್ನುವ ಜೆಲ್ ಅನ್ನು ಸೂಜಿಯಲ್ಲಿ ತುಂಬುತ್ತಾರೆ. ಆರು ತಿಂಗಳಿಂದ ಒಂದು ವರ್ಷ, ಅಷ್ಟರಲ್ಲಿ ಕರಗುತ್ತಾ ಹೋಗುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ರೆಸ್ಟಿಲೇನ್ ಅನ್ನುವ ಫಿಲ್ಲರ್‌ಗೆ ತುಟಿಗೆ ಅಂತಲೇ ಒಪ್ಪಿಗೆ ಕೊಟ್ಟಿತು. ಇಷ್ಟವಾಗದಿದ್ದರೆ ಹಯಲುರಾನಿಡೇಸ್ ಅನ್ನುವ ಇನ್ನೊಂದು ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ಎರಡನೆಯದು ಹೊಟ್ಟೆ ಅಥವಾ ತೊಡೆಯಿಂದ ನಿಮ್ಮದೇ ಕೊಬ್ಬು ತೆಗೆದು ತುಂಬುವುದು. ಅದರಲ್ಲಿ ಸ್ವಲ್ಪ ಭಾಗ ದೇಹವೇ ಹೀರಿಕೊಂಡುಬಿಡುತ್ತದೆ. ಎಷ್ಟು ಉಳಿಯುತ್ತದೆ ಅಂತ ಮೊದಲೇ ಹೇಳಲಿಕ್ಕಾಗದು.

ಮೂರನೆಯದು ಇಂಪ್ಲಾಂಟ್. ಇದರಲ್ಲಿ ಎರಡು ಜಾತಿ ಇದೆ. ಒಂದು ಗಟ್ಟಿ ಸಿಲಿಕೋನ್: ಮುಟ್ಟಿದರೆ ಮೆತ್ತಗಿರುತ್ತದೆ, ಆದರೆ ಒಡೆದು ಸೋರುವಂಥ ದ್ರವ ಒಳಗೆ ಇರುವುದಿಲ್ಲ. ಇನ್ನೊಂದು ಇಪಿಟಿಎಫ್‌ಇ. ರೈನ್‌ಕೋಟಿನಲ್ಲಿ ಗೋರ್‌ಟೆಕ್ಸ್ ಅಂತ ಕೇಳಿರುತ್ತೀರಲ್ಲ, ಅದೇ ವಸ್ತು. ರಕ್ತನಾಳದ ಆಪರೇಷನ್‌ಗಳಲ್ಲೂ ಬಳಸುತ್ತಾರೆ. ಇದರ ಮೈತುಂಬಾ ಕಣ್ಣಿಗೆ ಕಾಣದ ರಂಧ್ರಗಳು. ನಮ್ಮ ಮಾಂಸ ಆ ರಂಧ್ರಗಳೊಳಗೆ ಸ್ವಲ್ಪ ಬೆಳೆಯುತ್ತದೆ. ಸಿಲಿಕೋನ್‌ನ ಮೈ ನುಣುಪು. ಅದರೊಳಗೆ ಮಾಂಸ ಹೋಗುವುದಿಲ್ಲ, ಸುತ್ತ ದೇಹ ಒಂದು ತೆಳು ಪೊರೆ ಕಟ್ಟಿಕೊಳ್ಳುತ್ತದೆ.

ತೆಗೆಯುವ ಪ್ರಶ್ನೆ ಮೊದಲು ಕೇಳಿ ಅಂದಿದ್ದು ಇಲ್ಲಿಗೇ. ನುಣುಪು ಸಿಲಿಕೋನ್ ಆದರೆ ಹಾಕಿದ ಜಾಗದಲ್ಲೇ ಮರಗಟ್ಟಿಸಿ, ಸಣ್ಣ ಕೊಯ್ತ ಹಾಕಿ, ಹಿಡಿದು ಎಳೆದರೆ ಸಾಮಾನ್ಯವಾಗಿ ಜಾರಿ ಬರುತ್ತದೆ. ಮಾಂಸ ಹಿಡಿದುಕೊಂಡಿರುವ ಇಪಿಟಿಎಫ್‌ಇ ಅಷ್ಟು ಸಲೀಸಾಗಿ ಬರುವುದಿಲ್ಲ, ಬಿಡಿಸಿ ಬಿಡಿಸಿ ತೆಗೆಯಬೇಕಾಗುತ್ತದೆ. ಆದರೆ ಅದು ಒಳಗೆ ಮೆತ್ತಗೆ ಕೂರುತ್ತದೆ, ಸರಿಯುವುದು ಕಮ್ಮಿ ಅಂತ ಇಷ್ಟಪಡುವ ಸರ್ಜನ್‌ಗಳೂ ಇದ್ದಾರೆ. ನನ್ನನ್ನು ಕೇಳಿದರೆ ಸಿಲಿಕೋನ್. ಒಲ್ಲದ ವಸ್ತು ಸುಲಭವಾಗಿ ಹೊರಗೆ ಬರಬೇಕು, ಅಲ್ವಾ?

ಮತ್ತೊಂದು ಮಾತು. ಒಮ್ಮೆಯೂ ಫಿಲ್ಲರ್ ಮಾಡಿಸದೆ ನೇರ ಇಂಪ್ಲಾಂಟ್‌ಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಫಿಲ್ಲರ್ ಒಂದು ಟ್ರಯಲ್ ಅಂತ ಇಟ್ಟುಕೊಳ್ಳಿ. ಆರು ತಿಂಗಳು ದಪ್ಪ ತುಟಿಯಲ್ಲಿ ಓಡಾಡಿ. ಮನೆಯವರ ಮಾತು, ಕೆಲಸದ ಜಾಗದ ನೋಟ, ನಿಮ್ಮದೇ ಸೆಲ್ಫಿ ಎಲ್ಲಾ ಅನುಭವಕ್ಕೆ ಬರಲಿ. ಅದು ಕರಗಿದಾಗ "ಅಯ್ಯೋ ಹೋಯ್ತಲ್ಲ" ಅನ್ನಿಸಿದರೆ ಆಮೇಲೆ ಪರ್ಮನೆಂಟ್ ವಿಚಾರ ಮಾಡಿ. ಆದರೆ ಫಿಲ್ಲರ್ ಪೂರ್ತಿ ಕರಗುವವರೆಗೆ ಕಾಯಬೇಕು. ಇಲ್ಲದಿದ್ದರೆ ಎಷ್ಟು ದಪ್ಪದ ಇಂಪ್ಲಾಂಟ್ ಬೇಕು ಅನ್ನುವ ಲೆಕ್ಕ ಸಿಗುವುದಿಲ್ಲ.

ಯಾರಿಗೆ ಬೇಡ

ಬಸುರಿ, ಬಾಣಂತಿ, ಹಾಲುಣಿಸುವವರು ಈಗ ಬೇಡ. ಶುಗರ್ ಹತೋಟಿಯಲ್ಲಿ ಇಲ್ಲದವರು ಮೊದಲು ಅದನ್ನು ಹತೋಟಿಗೆ ತನ್ನಿ. ಗಾಯವಾದ ಜಾಗ ಗಂಟು ಕಟ್ಟಿ ಬೆಳೆಯುವ ಚರ್ಮ ಇರುವವರು, ತುಟಿಯ ಮೇಲೆ ಆಗಾಗ ನೀರುಗುಳ್ಳೆ ಏಳುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ಈ ಗುಳ್ಳೆ ಹರ್ಪಿಸ್ ವೈರಸ್‌ನಿಂದ ಬರುವುದು. ತುಟಿಗೆ ಸೂಜಿಯೋ ಕತ್ತರಿಯೋ ತಾಗಿದರೆ ಅದು ಮತ್ತೆ ಏಳಬಹುದು. ಮೊದಲೇ ಗೊತ್ತಿದ್ದರೆ ಅಸೈಕ್ಲೋವಿರ್ ಜಾತಿಯ ಮಾತ್ರೆ ಮುಂಚಿತವಾಗಿ ಕೊಡುತ್ತಾರೆ.

ಗುಟ್ಕಾ, ತಂಬಾಕು, ಸಿಗರೇಟು. ನಮ್ಮ ಕಡೆ ಇದನ್ನು ಎರಡು ಸಲ ಹೇಳಬೇಕು. ಹೊಗೆಸೊಪ್ಪು ರಕ್ತನಾಳ ಬಿಗಿ ಮಾಡುತ್ತದೆ, ಗಾಯ ಮಾಯುವುದು ತಡ, ಕೀವು ಸುಲಭ. ಅಡಿಕೆ ಅಗಿದೂ ಅಗಿದೂ ಬಾಯಿ ಪೂರ್ತಿ ತೆರೆಯಲು ಆಗದವರೂ ನಮ್ಮ ಕ್ಲಿನಿಕ್‌ಗೆ ಬರುತ್ತಾರೆ. ಅವರ ಕೆನ್ನೆಯ ಒಳಭಾಗ ಗಟ್ಟಿಯಾಗಿ ಬೆಳ್ಳಗಾಗಿರುತ್ತದೆ. ಅದು ಮುಂದೆ ಕ್ಯಾನ್ಸರ್ ಕಡೆಗೂ ಹೋಗಬಹುದಾದ ಕಾಯಿಲೆ. ಅಂಥ ಬಾಯಿಗೆ ಮೊದಲು ಆ ಚಿಕಿತ್ಸೆ. ತುಟಿ ಚಂದ ಆಮೇಲಿನ ಮಾತು.

ಶಹನಾಯಿ, ಕೊಳಲು ಊದುವವರು ಮತ್ತೆ ಮತ್ತೆ ಯೋಚಿಸಿ. ನಾಟಕದವರು ಕೂಡ. ಮೊದಲ ವಾರ ಪ, ಬ, ಮ ಅಕ್ಷರಗಳು ತುಟಿಯಲ್ಲಿ ಸರಿಯಾಗಿ ಕೂರುವುದಿಲ್ಲ. ನಾಟಕದ ತಾರೀಖು ಹತ್ತಿರ ಇಟ್ಟುಕೊಂಡು ಯಾರೂ ಹೋಗಬಾರದು.

ಡಾಕ್ಟರನ್ನು ಆರಿಸುವುದು

ಇಂಪ್ಲಾಂಟ್ ಅಂದರೆ ಆಪರೇಷನ್. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಮಾಡಿದವರ ಹತ್ತಿರ ಹೋಗಿ. ಮುಖದ ಸರ್ಜರಿಯಲ್ಲಿ ಪಳಗಿದ ಬೇರೆ ಸರ್ಜನ್‌ಗಳೂ ಇದ್ದಾರೆ. ಅವರು ಇದೇ ಆಪರೇಷನ್ ಎಷ್ಟು ಮಾಡಿದ್ದಾರೆ ಅಂತ ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಎದ್ದು ಬನ್ನಿ. ಆಸ್ಪತ್ರೆಯ ಗೋಡೆ ಮೇಲೆ ಕೆಪಿಎಂಇ ನೋಂದಣಿ ಸರ್ಟಿಫಿಕೇಟ್ ಇದೆಯಾ ನೋಡಿ. ಕರ್ನಾಟಕದಲ್ಲಿ 2007ರ ಕಾಯ್ದೆಯ ಪ್ರಕಾರ ಖಾಸಗಿ ಕ್ಲಿನಿಕ್, ಆಸ್ಪತ್ರೆಗಳು ನೋಂದಣಿ ಮಾಡಿಸಲೇಬೇಕು.

ಬ್ಯೂಟಿ ಪಾರ್ಲರ್‌ನಲ್ಲಿ ತುಟಿಗೆ ಏನನ್ನೂ ತುಂಬಿಸಿಕೊಳ್ಳಬೇಡಿ. "ಸೂಜಿ ಇಲ್ಲ ಅಕ್ಕಾ, ಪೆನ್ ಅಷ್ಟೇ" ಅನ್ನುತ್ತಾರೆ. ಆ ಹಯಲುರಾನ್ ಪೆನ್ ಒತ್ತಡದಿಂದ ಜೆಲ್ ಅನ್ನು ಚರ್ಮದೊಳಗೆ ನುಗ್ಗಿಸುತ್ತದೆ. ಅದು ಎಲ್ಲಿ ಹೋಗುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ. ಅದನ್ನು ಬಳಸಬೇಡಿ ಅಂತ ಎಫ್‌ಡಿಎ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ದ್ರವ ಸಿಲಿಕೋನ್ ಇಂಜೆಕ್ಷನ್ ಇನ್ನೂ ಕೆಟ್ಟದ್ದು. ವರ್ಷಗಳಾದ ಮೇಲೂ ಗಂಟು ಕಟ್ಟುತ್ತದೆ, ಕರಗಿಸಲು ಬರುವುದಿಲ್ಲ. ಗಟ್ಟಿ ಸಿಲಿಕೋನ್ ಇಂಪ್ಲಾಂಟ್‌ಗೂ ಇದಕ್ಕೂ ಹೆಸರು ಮಾತ್ರ ಒಂದೇ.

ಸರ್ಜನ್ ಮುಂದೆ ಕೂತಾಗ ಇವನ್ನು ಕೇಳಿ:

– ಯಾವ ವಸ್ತು, ಯಾವ ಕಂಪನಿ, ಎಷ್ಟು ದಪ್ಪ?
– ಅದು ಸರಿದರೆ, ಕೀವಾದರೆ ನೀವೇ ತೆಗೀತೀರಾ? ಅದಕ್ಕೆ ಬೇರೆ ದುಡ್ಡಾ?
– ತೆಗೆದ ಮೇಲೆ ತುಟಿ ಹೇಗಿರುತ್ತದೆ? ಫೋಟೋ ಇದೆಯಾ?
– ನಾನು ಬಳ್ಳಾರಿಗೆ ವಾಪಸ್ ಹೋದ ಮೇಲೆ ರಾತ್ರಿ ತೊಂದರೆ ಆದರೆ ಯಾರ ಫೋನ್‌ಗೆ ಮಾಡಬೇಕು?

ಕೊನೆಯ ಪ್ರಶ್ನೆಗೆ ರಿಸೆಪ್ಶನ್ ನಂಬರ್ ಕೊಟ್ಟರೆ ಸಾಲದು. ಡ್ಯೂಟಿ ಡಾಕ್ಟರ್ ನಂಬರ್ ಬೇಕು ಅನ್ನಿ.

ಖರ್ಚಿನ ಎಸ್ಟಿಮೇಟ್ ಕಾಗದದ ಮೇಲೆ ಬರೆಸಿಕೊಳ್ಳಿ. ಚಂದಕ್ಕಾಗಿ ಮಾಡಿಸುವ ಸರ್ಜರಿಗೆ ಜಿಎಸ್‌ಟಿ ಬೀಳುತ್ತದೆ, ಅದು ಸೇರಿದೆಯೋ ಇಲ್ಲವೋ ನೋಡಿ. ಹುಟ್ಟಿನ ದೋಷ, ಅಪಘಾತದ ಗಾಯ ಸರಿ ಮಾಡುವ ಸರ್ಜರಿಗೆ ಈ ತೆರಿಗೆ ಇಲ್ಲ. ಸೀಳುತುಟಿ ಆಪರೇಷನ್‌ನ ಲೆಕ್ಕವೇ ಬೇರೆ. ಹೆಲ್ತ್ ಇನ್ಶೂರೆನ್ಸ್ ಚಂದದ ಸರ್ಜರಿಗೆ ದುಡ್ಡು ಕೊಡುವುದಿಲ್ಲ. ಹಬ್ಬದ ಆಫರ್, ಇಬ್ಬರು ಬಂದರೆ ಡಿಸ್ಕೌಂಟ್, ಇಂಥದ್ದಕ್ಕೆ ನಾನು ಏನೂ ಹೇಳುವುದಿಲ್ಲ. ಸೀರೆ ಕೊಳ್ಳುವಾಗ ಆಫರ್ ನೋಡಿ, ಸಾಕು.

ಯಾವಾಗ ಮಾಡಿಸುವುದು, ತಯಾರಿ ಏನು

ನಮ್ಮೂರ ಬಿಸಿಲು ಗೊತ್ತಲ್ಲ. ಏಪ್ರಿಲ್, ಮೇನಲ್ಲಿ ನಲವತ್ತು ಡಿಗ್ರಿ ದಾಟುತ್ತದೆ, ಜೊತೆಗೆ ಧೂಳು. ಸೆಕೆಗೆ ಬಾವು ಇಳಿಯುವುದು ತಡ, ಬಿಸಿಲಿಗೆ ಹರ್ಪಿಸ್ ಗುಳ್ಳೆಯೂ ಏಳುತ್ತದೆ. ಆ ಎರಡು ತಿಂಗಳು ಬಿಡಿ. ಮದುವೆ, ನಿಶ್ಚಿತಾರ್ಥ, ಗೃಹಪ್ರವೇಶಕ್ಕೆ ಅಂತ ಮಾಡಿಸುವವರು ಕನಿಷ್ಠ ಮೂರು ತಿಂಗಳು ಮುಂಚೆ ಮಾಡಿಸಿ. "ಮದುವೆಗೆ ಹದಿನೈದು ದಿನ ಇದೆ ಸಿಸ್ಟರ್" ಅಂತ ಬಂದವರಿಗೆ ನಾನು ಲಿಪ್ ಲೈನರ್ ಹಚ್ಚುವ ಒಳ್ಳೆಯ ಮೇಕಪ್‌ನವರ ನಂಬರ್ ಕೊಟ್ಟು ಕಳಿಸುತ್ತೇನೆ.

ಹಲ್ಲಿನ ಕೆಲಸ ಏನಿದ್ದರೂ ಮುಂಚೆ ಮುಗಿಸಿ. ಹುಳುಕು ಹಲ್ಲು, ಕೀವು ತುಂಬಿದ ಒಸಡು ಇಟ್ಟುಕೊಂಡು ಬಾಯೊಳಗೆ ಹೊರಗಿನ ವಸ್ತು ಹಾಕಿಸುವುದು ಅಪಾಯ. ಆಪರೇಷನ್ ಆದ ಮೇಲೂ ಕೆಲವು ವಾರ ಡೆಂಟಲ್ ಚೇರ್‌ನಲ್ಲಿ ಬಾಯಿ ಅಗಲ ಮಾಡಿ ಕೂರಬಾರದು.

ಆಸ್ಪಿರಿನ್, ಐಬುಪ್ರೊಫೆನ್, ವಿಟಮಿನ್ ಇ, ಮೀನೆಣ್ಣೆ ಮಾತ್ರೆ ರಕ್ತ ಸೋರುವುದನ್ನು ಜಾಸ್ತಿ ಮಾಡುತ್ತವೆ. ಏನೇನು ನುಂಗುತ್ತೀರಿ ಎಲ್ಲದರ ಪಟ್ಟಿ ಡಾಕ್ಟರಿಗೆ ಕೊಡಿ, ಆಯುರ್ವೇದದ ಪುಡಿ ಕೂಡ ಬಿಡಬೇಡಿ. ಯಾವುದನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಅವರು ಹೇಳುತ್ತಾರೆ. ಹಾರ್ಟ್ ಡಾಕ್ಟರ್ ಬರೆದುಕೊಟ್ಟ ರಕ್ತ ತೆಳು ಮಾಡುವ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ.

ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಮಾಡಿಸುವವರಿಗೆ: ಅದೇ ರಾತ್ರಿ ರೈಲು ಹತ್ತಿ ಬರುವ ಪ್ಲಾನ್ ಹಾಕಬೇಡಿ. ಮೊದಲ ಎರಡು ಮೂರು ದಿನ ಅಲ್ಲೇ ನೆಂಟರ ಮನೆಯಲ್ಲೋ ಲಾಡ್ಜ್‌ನಲ್ಲೋ ಇರಿ. ರಕ್ತ ಕಟ್ಟುವುದು, ವಿಪರೀತ ಬಾವು ಬರುವುದು ಆ ಹೊತ್ತಿನಲ್ಲೇ. ಅಪ್ಪರ್ ಬರ್ತ್‌ನಲ್ಲಿ ಮಲಗಿ ಗುಂತಕಲ್ ದಾಟುವಾಗ ತುಟಿ ಹಿಡಿದುಕೊಂಡು ಯಾರನ್ನು ಕೂಗುತ್ತೀರಿ?

ಥಿಯೇಟರ್ ಒಳಗೆ

ಇದು ನನಗೆ ಚೆನ್ನಾಗಿ ಗೊತ್ತಿರುವ ಜಾಗ. ಹೆದರಿಕೊಂಡು ಬಂದವರಿಗೆ ಮುಂದೇನು ಅಂತ ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ನಿಮ್ಮನ್ನು ನೆಟ್ಟಗೆ ಕೂರಿಸುತ್ತಾರೆ. ಮಲಗಿದರೆ ತುಟಿಯ ಆಕಾರ ಬದಲಾಗುತ್ತದೆ, ಅದಕ್ಕೆ. ಬಾಯಿ ಮುಚ್ಚಿಸಿ, ನಗಿಸಿ, ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಎಡ ಬಲ ಎರಡೂ ಅಳತೆ ನೋಡುತ್ತಾರೆ. ಯಾರ ತುಟಿಯೂ ಎರಡು ಕಡೆ ಒಂದೇ ಸಮ ಇರುವುದಿಲ್ಲ. ಈಗಲೇ ಕನ್ನಡಿ ಕೇಳಿ, ನಿಮ್ಮ ಎಡ ಬಲದ ವ್ಯತ್ಯಾಸ ನೋಡಿಕೊಂಡುಬಿಡಿ. ಇಲ್ಲದಿದ್ದರೆ ಆಪರೇಷನ್ ಆದ ಮೇಲೆ ಮೊದಲ ಸಲ ಗಮನಿಸಿ, ಡಾಕ್ಟರ್ ಸೊಟ್ಟ ಮಾಡಿದರು ಅನ್ನುತ್ತೀರಿ. ಅಳತೆ ಮುಗಿದ ಮೇಲೇ ಇಂಜೆಕ್ಷನ್. ಔಷಧಿ ಒಳಗೆ ಹೋದ ಕೂಡಲೇ ತುಟಿ ಉಬ್ಬುತ್ತದೆ, ಆಮೇಲೆ ಅಳೆದ ಅಳತೆ ಸುಳ್ಳು.

ಮರಗಟ್ಟಿಸಲು ಲಿಗ್ನೋಕೇನ್. ಹಲ್ಲು ಕೀಳಿಸಿಕೊಂಡವರಿಗೆಲ್ಲ ಇದರ ಪರಿಚಯ ಇದೆ. ಒಸಡಿನ ಮೇಲ್ಗಡೆ ನರದ ಹತ್ತಿರ ಕೊಡುತ್ತಾರೆ, ತುಟಿಗೂ ಸ್ವಲ್ಪ ಕೊಡುತ್ತಾರೆ. ಚುರ್ರ್ ಅಂತ ಉರಿಯುತ್ತದೆ. ಇದರ ಜೊತೆ ಅಡ್ರಿನಲಿನ್ ಬೆರೆಸಿದ್ದರೆ ಒಂದೆರಡು ನಿಮಿಷ ಎದೆ ಢವಢವ ಅನ್ನಬಹುದು. ಗಾಬರಿ ಬೇಡ, ಆದರೆ ಹಾರ್ಟ್ ತೊಂದರೆ ಇದ್ದವರು ಇದನ್ನು ಮುಂಚೆಯೇ ಹೇಳಿರಬೇಕು. ತುಂಬಾ ಹೆದರುವವರಿಗೆ ಮಂಪರಿನ ಔಷಧಿ ಕೊಡುತ್ತಾರೆ. ಆಗ ಎಷ್ಟು ಹೊತ್ತು ಹೊಟ್ಟೆ ಖಾಲಿ ಇರಬೇಕು ಅಂತ ಮೊದಲೇ ಹೇಳಿರುತ್ತಾರೆ. "ಒಂದು ಲೋಟ ಚಹಾ ಕುಡಿದೆ ಅಷ್ಟೇ" ಅನ್ನುವುದನ್ನು ಮುಚ್ಚಿಡಬೇಡಿ.

ಆಮೇಲೆ ಕಟಬಾಯಿಯ ಎರಡೂ ಕಡೆ ಒಳಗಡೆ ಚಿಕ್ಕ ಕೊಯ್ತ. ಒಂದು ಉದ್ದನೆಯ ತೆಳು ಇಕ್ಕಳವನ್ನು ಒಂದು ಕಡೆಯಿಂದ ತೂರಿಸಿ, ತುಟಿಯ ಉದ್ದಕ್ಕೂ ದಾರಿ ಮಾಡಿ ಇನ್ನೊಂದು ಕಡೆ ಹೊರಗೆ ತರುತ್ತಾರೆ. ನೋವು ಗೊತ್ತಾಗುವುದಿಲ್ಲ, ಎಳೆದಾಟ ಗೊತ್ತಾಗುತ್ತದೆ. ಇಂಪ್ಲಾಂಟ್ ಅಷ್ಟು ಹೊತ್ತು ನನ್ನ ಟ್ರೇ ಮೇಲೆ, ಸ್ಟರೈಲ್ ಬೌಲಿನಲ್ಲಿ ಇರುತ್ತಿತ್ತು. ನಡುವೆ ದಪ್ಪ, ಎರಡೂ ತುದಿ ಸಣ್ಣಗೆ, ಬೆಳ್ಳಗೆ, ದೀಪಕ್ಕೆ ಹೊಸೆದಿಟ್ಟ ಬತ್ತಿಯ ಹಾಗೆ. ದಪ್ಪ 3ರಿಂದ 5 ಮಿಲಿಮೀಟರ್ ಅಷ್ಟೇ. ಇದನ್ನು ನೋಡಿ "ಇಷ್ಟೇನಾ?" ಅಂದವರೇ ಜಾಸ್ತಿ. ಇಕ್ಕಳದ ಬಾಯಿಗೆ ಅದರ ತುದಿ ಕೊಟ್ಟರೆ, ಸರ್ಜನ್ ಮೆಲ್ಲಗೆ ಹಿಂದಕ್ಕೆ ಎಳೆಯುತ್ತಾರೆ, ಇಂಪ್ಲಾಂಟ್ ದಾರಿಯಲ್ಲಿ ಕೂರುತ್ತದೆ. ಅವರು ತುಟಿಯನ್ನು ಹಿಡಿದು ಎಳೆದು, ಬಾಯಿ ಅಗಲ ಮಾಡಿ, ಎಲ್ಲಿಯೂ ಮಡಿಚಿಲ್ಲ, ತುದಿಗಳು ಒತ್ತುತ್ತಿಲ್ಲ ಅಂತ ಬೆರಳಿನಲ್ಲಿ ನೋಡುತ್ತಾರೆ. ಈ ಘಟ್ಟದಲ್ಲಿ ಅವಸರ ಮಾಡದ ಸರ್ಜನ್ ಕಂಡರೆ ನನಗೆ ಗೌರವ. ತುದಿ ಉದ್ದ ಉಳಿದರೆ ಮುಂದೆ ಅದೇ ಕಟಬಾಯಿಯಲ್ಲಿ ಚುಚ್ಚಿ ಹೊರಬರುವುದು.

ಕರಗುವ ದಾರದಲ್ಲಿ ಒಂದೆರಡು ಹೊಲಿಗೆ, ಮುಗಿಯಿತು. ಎಲ್ಲಾ ಸೇರಿ ಅರ್ಧ ಗಂಟೆಯಿಂದ ಒಂದು ಗಂಟೆ. ಅದೇ ದಿನ ಮನೆಗೆ. ಇಂಪ್ಲಾಂಟ್ ಡಬ್ಬಿಯ ಮೇಲೆ ಕಂಪನಿ, ಅಳತೆ, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಒಂದು ಆಸ್ಪತ್ರೆಯ ಫೈಲಿಗೆ, ಇನ್ನೊಂದು ನಿಮ್ಮ ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಲು ಹೇಳಿ. ಕೇಳದಿದ್ದರೆ ಎಷ್ಟೋ ಕಡೆ ಕೊಡುವುದಿಲ್ಲ.

ಮನೆಗೆ ಬಂದ ಮೇಲೆ

ಮೊದಲ ರಾತ್ರಿ ಎರಡು ದಿಂಬು. ತಲೆ ಎತ್ತರದಲ್ಲಿರಲಿ, ಅಂಗಾತ ಮಲಗಿ. ಐಸ್ ಅನ್ನು ನೇರ ತುಟಿಗೆ ಇಡಬೇಡಿ. ತುಟಿ ಜೋಮು ಹಿಡಿದಿರುವುದರಿಂದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಹತ್ತು ನಿಮಿಷ ಇಟ್ಟು ತೆಗೆಯಿರಿ. ಜೋಮು ಹೋಗುವವರೆಗೆ ಬಿಸಿ ಚಹಾ ಬೇಡವೇ ಬೇಡ. ಕೊಟ್ಟ ಆಂಟಿಬಯೋಟಿಕ್ ಪೂರ್ತಿ ಮುಗಿಸಿ.

ಎರಡನೇ, ಮೂರನೇ ದಿನ ಕನ್ನಡಿ ನೋಡಿದರೆ ಅಳು ಬರುತ್ತದೆ, ಇದು ಗೊತ್ತಿರಲಿ. ಬಾವು ಆಗಲೇ ಎಲ್ಲಕ್ಕಿಂತ ಜಾಸ್ತಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ನೀಲಿಗಟ್ಟುವುದೂ ಉಂಟು. "ಜೇನುಹುಳ ಕಡೀತೇನವ್ವಾ?" ಅಂತ ಪಕ್ಕದ ಮನೆಯವರು ಕೇಳೇ ಕೇಳುತ್ತಾರೆ. ಏನು ಹೇಳಬೇಕು ಅಂತ ಮೊದಲೇ ಯೋಚಿಸಿಟ್ಟುಕೊಳ್ಳಿ, ಅಥವಾ ಮಾಸ್ಕ್ ಹಾಕಿ. ಬಳ್ಳಾರಿ ಧೂಳಿಗೆ ಮಾಸ್ಕ್ ಹಾಕಿದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಬಾವು ಒಂದೆರಡು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಹೆಚ್ಚಿನವರು ಒಂದು ವಾರಕ್ಕೆ ಕೆಲಸಕ್ಕೆ ಹೋಗುತ್ತಾರೆ.

ಊಟ: ತಣ್ಣಗಿನ ಅಂಬಲಿ, ಮೊಸರನ್ನ, ಮೆತ್ತಗೆ ಬೇಯಿಸಿದ ಬೇಳೆ ಅನ್ನ, ಬಾಳೆಹಣ್ಣು. ಚಿಕ್ಕ ಚಮಚದಲ್ಲಿ. ಸ್ಟ್ರಾ ಹಾಕಿ ಹೀರಬೇಡಿ, ಹೀರುವಾಗ ತುಟಿಯೇ ಕೆಲಸ ಮಾಡುವುದು. ಜೋಳದ ರೊಟ್ಟಿ ಕಚ್ಚಿ ಎಳೆಯುವುದು, ಕಬ್ಬು ಸಿಗಿಯುವುದು, ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ, ಇವೆಲ್ಲ ಕೆಲವು ವಾರ ಬಂದ್. ರೊಟ್ಟಿ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಹಾಲಿನಲ್ಲಿ ನೆನೆಸಿ, ಕಿವುಚಿ ತಿನ್ನಿ. ನಮ್ಮಜ್ಜಿ ಹಲ್ಲು ಹೋದ ಮೇಲೆ ಹಾಗೇ ತಿನ್ನುತ್ತಿದ್ದಳು, ಏನೂ ಕಮ್ಮಿ ಆಗಿರಲಿಲ್ಲ. ಉಂಡ ಮೇಲೆ ಪ್ರತಿ ಸಲ ಡಾಕ್ಟರ್ ಹೇಳಿದ ಮೌತ್‌ವಾಶ್‌ನಲ್ಲಿ ಮುಕ್ಕಳಿಸಿ. ಹಲ್ಲುಜ್ಜಲು ಚಿಕ್ಕಮಕ್ಕಳ ಮೆತ್ತನೆಯ ಬ್ರಶ್ ತನ್ನಿ, ದೊಡ್ಡ ಬ್ರಶ್‌ನ ತಲೆ ಹೊಲಿಗೆಗೆ ತಾಗುತ್ತದೆ.

ಗಾಯ ಮಾಯುವವರೆಗೆ ಲಿಪ್‌ಸ್ಟಿಕ್ ಇಲ್ಲ, ಮುತ್ತು ಇಲ್ಲ, ತುಟಿ ಮೂತಿ ಮಾಡಿ ಸೆಲ್ಫಿ ಇಲ್ಲ. ತುಟಿಯನ್ನು ಒತ್ತಿ ಒತ್ತಿ ಇಂಪ್ಲಾಂಟ್ ಎಲ್ಲಿದೆ ಅಂತ ಹುಡುಕಬೇಡಿ. ಎಲ್ಲರೂ ಇದನ್ನು ಮಾಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಹಾಗೆ ಒತ್ತಿದರೆ ಸರಿಯುತ್ತದೆ. ಒಲೆಯಲ್ಲಿ ಊದುವುದು, ಬಲೂನ್ ಊದುವುದೂ ಬೇಡ.

ನಗುವಾಗ ಬಿಗಿ ಅನ್ನಿಸುವುದು, ಜೋಮು, ಏನೋ ಒಳಗಿದೆ ಅನ್ನುವ ಭಾವ, ಇವು ವಾರಗಟ್ಟಲೆ ಇರುತ್ತವೆ. ಕೊನೆಯ ಆಕಾರ ಕಾಣಲು ಒಂದರಿಂದ ಮೂರು ತಿಂಗಳು. ಅಲ್ಲಿಯವರೆಗೆ ಇನ್ನೊಂದು ಆಪರೇಷನ್ ಮಾಡಿ ಸರಿಮಾಡಿ ಅಂತ ಹಟ ಹಿಡಿಯಬೇಡಿ. ಬೆರಳಿಟ್ಟು ನೋಡಿದರೆ ಇಂಪ್ಲಾಂಟ್ ಕೈಗೆ ಸಿಗುವುದು ಮಾತ್ರ ಕೆಲವರಲ್ಲಿ ಶಾಶ್ವತ. ಕಣ್ಣಿಗೆ ಕಾಣದಿದ್ದರೂ ಮುಟ್ಟಿದರೆ ತಿಳಿಯುತ್ತದೆ. ಗಂಡನಿಗೂ ತಿಳಿಯುತ್ತದೆ. ಮನೆಯಲ್ಲಿ ಗುಟ್ಟಾಗಿ ಇಡುತ್ತೇನೆ ಅನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಕಾಯದೆ ಫೋನ್ ಮಾಡಬೇಕಾದ್ದು

ಬಾವು ಇಳಿಯುತ್ತಾ ಬಂದು ಮತ್ತೆ ಏರಿದರೆ, ಕೆಂಪು ಹರಡಿದರೆ, ಕೀವು, ಜ್ವರ ಬಂದರೆ ಅದೇ ದಿನ. ಒಂದೇ ಕಡೆ ದಿಢೀರನೆ ಗಟ್ಟಿಯಾಗಿ ಊದಿದರೆ ಒಳಗೆ ರಕ್ತ ಕಟ್ಟಿರಬಹುದು, ರಾತ್ರಿ ಆದರೂ ಫೋನ್ ಮಾಡಿ. ಕಟಬಾಯಿಯಲ್ಲಿ ಬೆಳ್ಳಗೆ ಚೂಪಾದದ್ದು ಏನೋ ಕಂಡರೆ ಅದು ಇಂಪ್ಲಾಂಟ್‌ನ ತುದಿ. ಬೆರಳಿನಿಂದ ಒಳಗೆ ತಳ್ಳಬೇಡಿ, ಎಳೆಯಲೂ ಬೇಡಿ. ನೀರುಗುಳ್ಳೆ ಎದ್ದರೂ ತಿಳಿಸಿ. ಉಸಿರಾಟಕ್ಕೆ, ನುಂಗುವುದಕ್ಕೆ ತೊಂದರೆ ಆದರೆ, ಮೈಯೆಲ್ಲ ದದ್ದು ಎದ್ದರೆ 108ಕ್ಕೆ ಕರೆ ಮಾಡಿ, ಹತ್ತಿರದ ಕ್ಯಾಶುವಾಲಿಟಿಗೆ ಹೋಗಿ. ನಮ್ಮಲ್ಲಿ ಎಲ್ಲರೂ ಇನ್ನೂ ವಿಮ್ಸ್ ಅಂತಲೇ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ, ರಾಯಚೂರಿನವರಿಗೆ ರಿಮ್ಸ್, ಕೊಪ್ಪಳದವರಿಗೆ ಕಿಮ್ಸ್. ಅಲ್ಲಿನ ಡಾಕ್ಟರಿಗೆ ನಿಮ್ಮ ತುಟಿಯೊಳಗೆ ಏನಿದೆ ಅಂತ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಕಾಗದದ ಫೋಟೋ ಮೊಬೈಲ್‌ನಲ್ಲಿ ಇಟ್ಟಿರಿ.

ಟ್ರಯಲ್‌ಗೆ ಅಂತ ಫಿಲ್ಲರ್ ಮಾಡಿಸಿದವರಿಗೆ ಒಂದು ಬೇರೆ ಎಚ್ಚರಿಕೆ. ತುಟಿಯ ಒಂದು ಭಾಗ ಬೆಳ್ಳಗಾದರೆ ಅಥವಾ ನೇರಳೆ ಬಣ್ಣದ ಬಲೆ ಹರಡಿದ ಹಾಗೆ ಕಂಡು ನೋವು ಏರುತ್ತಿದ್ದರೆ ರಕ್ತನಾಳ ಮುಚ್ಚಿರಬಹುದು. ಅದಕ್ಕೆ ನಾಳೆ ಬೆಳಿಗ್ಗೆ ಅನ್ನುವ ಮಾತಿಲ್ಲ. ಗಂಟೆಗಳಲ್ಲಿ ಕರಗಿಸುವ ಇಂಜೆಕ್ಷನ್ ಬೀಳಬೇಕು.

ವರ್ಷಗಳು ಕಳೆದ ಮೇಲೆ

ತೊಂದರೆ ಕೊಡದಿದ್ದರೆ ಇಂಪ್ಲಾಂಟ್ ಹಾಗೇ ಇರುತ್ತದೆ, ಇಷ್ಟು ವರ್ಷಕ್ಕೆ ಬದಲಾಯಿಸಬೇಕು ಅಂತ ಇಲ್ಲ. ಆದರೆ ನಿಮ್ಮ ತುಟಿ ವಯಸ್ಸಿಗೆ ತಕ್ಕಂತೆ ತೆಳುವಾಗುತ್ತಾ ಹೋಗುತ್ತದೆ, ಒಳಗಿನದು ಹೋಗುವುದಿಲ್ಲ. ಹಾಗಾಗಿ ಮೂವತ್ತರಲ್ಲಿ ಕಾಣದ ಅಂಚು ಐವತ್ತರಲ್ಲಿ ಕಾಣಬಹುದು. ಕೆಲವರಲ್ಲಿ ಸುತ್ತಲಿನ ಪೊರೆ ಬಿಗಿದು ತುಟಿ ಗಟ್ಟಿ ಅನ್ನಿಸುತ್ತದೆ, ಇಂಪ್ಲಾಂಟ್ ಚಿಕ್ಕದಾದ ಹಾಗೆ ಮಡಿಚಿಕೊಳ್ಳುತ್ತದೆ. ಆಗ ತೆಗೆಸುವುದು. ತೆಗೆದ ಮೇಲೆ ತುಟಿ ಹೆಚ್ಚುಕಮ್ಮಿ ಹಳೆಯ ಆಕಾರಕ್ಕೆ ಬರುತ್ತದೆ. ಒಳಗಿನ ಕಲೆಯಿಂದ ಕೆಲವರಿಗೆ ಸ್ವಲ್ಪ ಏರುಪೇರು ಉಳಿಯುತ್ತದೆ. ಒಮ್ಮೆ ತೆಗೆಸಿ, ಮತ್ತೆ ದೊಡ್ಡದು ಹಾಕಿಸಿ, ಮತ್ತೆ ತೆಗೆಸಿದವರ ತುಟಿಯಲ್ಲಿ ಈ ಕಲೆ ಜಾಸ್ತಿ. ದೊಡ್ಡದು ಬೇಕು ಅನ್ನುವವರಿಗೆ ಸರ್ಜನ್ ಚಿಕ್ಕದರಲ್ಲೇ ನಿಲ್ಲಿಸಿ ಅಂದರೆ ಅವರ ಮಾತು ಕೇಳಿ.

ಮುಂದೆ ಯಾವಾಗ ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ ಚೇರ್ ಮೇಲೆ ಕೂರುವ ಮುಂಚೆ ತುಟಿಯಲ್ಲಿ ಇಂಪ್ಲಾಂಟ್ ಇದೆ ಅಂತ ಹೇಳಿ. ನಾವು ತುಟಿ ಹಿಡಿದು ಎಳೆಯುತ್ತೇವೆ, ಒಸಡಿಗೆ ಸೂಜಿ ಚುಚ್ಚುತ್ತೇವೆ. ಗೊತ್ತಿದ್ದರೆ ಆ ಜಾಗ ಬಿಟ್ಟು ಚುಚ್ಚುತ್ತೇವೆ. ನಾಚಿಕೆ ಅನ್ನಿಸಿದರೆ ಫಾರ್ಮ್‌ನಲ್ಲಿ ಬರೆದುಕೊಡಿ. ಆ ಫಾರ್ಮ್ ಓದುವುದು ನನ್ನಂಥ ನರ್ಸ್ ಮತ್ತು ಡಾಕ್ಟರ್, ಇಬ್ಬರೇ.